ಕಡುನೀಲಿ, ಗೇರೆಣ್ಣೆ ಕಂದು

ಯಡ್ತರೆಯ ಆ ಮನೆಗೆ ನನ್ನನ್ನು ಕರೆಸಿದ್ದು ತಾಯಿ ಮಗಳ ಒಂದು ತಕರಾರು ತೀರಿಸಲು. ಮೊದಲ ಹೆರಿಗೆಗೆಂದು ಮುಂಬೈಯಿಂದ ತವರಿಗೆ ಬಂದಿದ್ದ ಮಗಳಿಗೆ ಆಗ ಎಂಟನೇ ತಿಂಗಳು. ಬಾಳಂತಿ ಕೋಣೆಗೆ ಅವಳಿಗೆ ಕಡುನೀಲಿ ಬೇಕಿತ್ತು, ತಾಯಿಗೆ ಕಡುಕಂದು. ಕೋಣೆ ಕತ್ತಲೆಯಾಗಿರಬೇಕು ಎನ್ನುವುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಬಾಳಂತಿಗೂ ಕೂಸಿಗೂ ಬೆಳಕು ಹೆಚ್ಚು ತಾಗಬಾರದು ಎಂದು ತಾಯಿಯ ಲೆಕ್ಕ. ಕತ್ತಲೆ ಇದ್ದರೆ ಕೂಸು ಒಳ್ಳೆಯ ನಿದ್ದೆ ಮಾಡುತ್ತದೆ ಎಂದು ಮಗಳು ಮೊಬೈಲಿನಲ್ಲಿ ಓದಿದ್ದಳು.

ನಾನು ಬ್ರಹ್ಮಾವರದ ಒಂದು ಬಣ್ಣದಂಗಡಿಯಲ್ಲಿ ಬಣ್ಣ ಆರಿಸಿಕೊಡುವ ಕೆಲಸದವಳು. ಹಿಂದಿನ ವರ್ಷ ಈ ಮನೆಯ ಪಕ್ಕದ ಮನೆಯ ಹಾಲಿಗೆ ಛಾವಣಿ ಸಮೇತ ಕಡುಕಂದು ಬಳಿಸಿ, ನಡುವೆ ಸರಪಳಿಯ ಉಯ್ಯಾಲೆ ತೂಗಿಸಿದ್ದು ನಾನೇ. ಅದನ್ನು ಕಂಡು ಮೆಚ್ಚಿ ಈ ಮನೆಯ ಅಮ್ಮ ಅಂಗಡಿಗೆ ಫೋನ್ ಮಾಡಿದ್ದರು. ನನ್ನ ಅಪ್ಪ ಸುಣ್ಣ ಬಳಿಯುತ್ತಿದ್ದವರು. ಅಮ್ಮ ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿದು ನನ್ನನ್ನು ಓದಿಸಿದಳು. ಒಳಾಂಗಣ ವಿನ್ಯಾಸದಲ್ಲಿ ಪದವಿ ಎಂದು ನನ್ನ ಕಾರ್ಡಿನ ಮೇಲೆ ಅಚ್ಚಾಗಿದೆ. ಅದನ್ನು ಯಾರ ಕೈಗಾದರೂ ಕೊಡುವಾಗ ನಾನು ಅಕ್ಷರ ಮೇಲಾಗುವ ಹಾಗೆ ಹಿಡಿದೇ ಕೊಡುವುದು. ಅದರಲ್ಲಿ ನಾಚಿಕೆ ಎಂತದೂ ಇಲ್ಲ.

ಮೊದಲ ದಿನವೇ ಮನೆಯ ಅಮ್ಮ ಒಂದು ನಿಯಮ ಹೇಳಿದರು. “ಬಸ್ರಿ ಹೆಣ್ ಮನೆಯಲ್ ಇಪ್ಪತಿಗೆ ಒಡುದ್ ಬಡುದ್ ಎಂತದೂ ಮಾಡುಕಾಗ. ಒಂದ್ ಮೊಳಿ ಸೈತ ಹೊಡುಕಾಗ. ಬಣ್ಣ ಹೊಡುಕೆ ಅಡ್ಡಿ ಇಲ್ಲೆ.” ಬಸುರಿ ಇರುವ ಮನೆಯಲ್ಲಿ ಒಡೆಯಬಾರದು, ಮೊಳೆ ಸಹ ಹೊಡೆಯಬಾರದು ಎನ್ನುವುದು ನಮ್ಮ ಕಡೆ ಹೊಸದಲ್ಲ. ನಾನು ಸರಿ ಎಂದೆ.

ಕೋಣೆ ಮಹಡಿಯಲ್ಲಿ, ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ. ಪಶ್ಚಿಮಕ್ಕೆ ಒಂದೇ ಕಿಟಕಿ. ಛಾವಣಿಯ ಪಿವಿಸಿ ಹಲಗೆಗಳನ್ನು ಮಗಳು ಬರುವ ಮುಂಚೆಯೇ ಬಿಚ್ಚಿಸಿದ್ದರು. ಅದರ ಹಿಂದೆ ಮನೆ ಕಟ್ಟಿದ ಕಾಲದ ಆಯಿಲ್ ಪೇಂಟ್, ಅಲ್ಲಲ್ಲಿ ಹಳದಿ ಕಲೆ. ಈಗ ಮೇಲೆ ತಗಡಿನ ಮಾಡು ಇರುವುದರಿಂದ ಸೋರುವ ಮಾತಿಲ್ಲ. ‘ಹಳೆಯ ತೇವದ ಕಲೆ’ ಎಂದು ಬರೆದುಕೊಂಡು ಮುಂದೆ ಹೋದೆ. ಛಾವಣಿಯ ನಟ್ಟನಡುವೆ ಹೆಬ್ಬೆರಳು ದಪ್ಪದ ಒಂದು ಕಬ್ಬಿಣದ ಕೊಂಡಿ, ಸ್ಲ್ಯಾಬ್ ಹಾಕುವಾಗಲೇ ಒಳಗೆ ಕೂರಿಸಿದ್ದು. ತೊಟ್ಟಿಲಿಗೆ. ಅದರ ಸರೀ ಕೆಳಗೆ ಬಾಳಂತಿಯ ಮಂಚ.

ಎರಡು ಕಡುಬಣ್ಣಗಳನ್ನು ಶೇಡ್ ಕಾರ್ಡ್ ನೋಡಿ ಆರಿಸುವುದು ಮೂರ್ಖತನ. ಉಗುರಿನ ಗಾತ್ರದ ಚೌಕದಲ್ಲಿ ಎಲ್ಲ ಕಡುಬಣ್ಣವೂ ಕಪ್ಪೇ. ಗೋಡೆಯ ಮೇಲೆ ಎರಡೆರಡು ಅಡಿಯ ಚೌಕ ಬಳಿಯಬೇಕು. ಹಳೆ ಬಣ್ಣ ಕೆರೆದು, ಪುಟ್ಟಿ ಹಾಕಿ ಉಜ್ಜಿ, ಬೂದು ಪ್ರೈಮರ್ ಕೊಟ್ಟು, ನಾಲ್ಕು ಗಂಟೆ ಬಿಟ್ಟು ಎರಡು ಕೋಟ್. ಆಮೇಲೆ ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಆರಕ್ಕೆ ನೋಡಬೇಕು. ಹಳದಿ ಬಲ್ಬಿನಲ್ಲಿ ಒಮ್ಮೆ, ಬಿಳಿ ಬಲ್ಬಿನಲ್ಲಿ ಒಮ್ಮೆ. ನಾಲ್ಕೂ ಗೋಡೆಗೆ ಹೀಗೆ ಮಾಡಿಸಿದೆ. ಛಾವಣಿಗೆ ಕೊಂಡಿಯ ಎರಡು ಬದಿಯಲ್ಲಿ: ಎಡಕ್ಕೆ ನೀಲಿ, ಬಲಕ್ಕೆ ಕಂದು, ನಡುವಿನ ಗೆರೆ ಕೊಂಡಿಯನ್ನು ಮುಟ್ಟುವ ಹಾಗೆ.

ಬಳಿದವರು ಕೋಟದ ಪೇಂಟರ್. ನನ್ನ ಅಪ್ಪನ ಜೊತೆ ಏಣಿ ಹತ್ತಿದವರು. ನಾನು ಯಾರ ಮಗಳೆಂದು ಗೊತ್ತಿದ್ದೂ ಎಲ್ಲರೆದುರು ಮೇಡಂ ಎನ್ನುತ್ತಿದ್ದರು. ಆ ಮೇಡಂನಲ್ಲಿ ಅರ್ಧ ಮರ್ಯಾದೆ, ಅರ್ಧ ಕೀಟಲೆ.

ಎರಡನೇ ದಿನ ಸಂಜೆಗೆ ನನ್ನ ತೀರ್ಮಾನ ಆಗಿಹೋಗಿತ್ತು. ನೀಲಿ ಹಗಲಿನಲ್ಲಿ ಒಣಗಿದ ಶಾಯಿಯ ಹಾಗೆ ಗಂಭೀರವಾಗಿತ್ತು, ಆದರೆ ಬಿಳಿ ಬಲ್ಬಿನ ಕೆಳಗೆ ಅದರೆದುರು ನಿಂತವರ ಮುಖದಲ್ಲಿ ರಕ್ತವೇ ಇಲ್ಲದ ಹಾಗೆ ಕಾಣುತ್ತಿತ್ತು. ಮಗಳನ್ನು ನಿಲ್ಲಿಸಿ ನೋಡಿದೆ. ಕಣ್ಣಿನ ಕೆಳಗೆ ಗುಂಡಿ, ತುಟಿ ಬೂದಿ. ಕಂದು, ಗೇರುಬೀಜದ ಸಿಪ್ಪೆಯಿಂದ ತೆಗೆದು ದೋಣಿಗೆ ಬಳಿಯುವ ಗೇರೆಣ್ಣೆಯ ಬಣ್ಣ. ಯಾವ ಬೆಳಕಿನಲ್ಲೂ ಬೆಚ್ಚಗಿತ್ತು. ನನ್ನ ಅಮ್ಮನ ಬೆರಳ ತುದಿಗಳು ಇವತ್ತಿಗೂ ಅದೇ ಬಣ್ಣ, ತೊಳೆದರೆ ಹೋಗುವುದಿಲ್ಲ. ಅದೂ ನನ್ನ ತೀರ್ಮಾನದಲ್ಲಿ ಸೇರಿತ್ತೋ ಏನೋ. ‘ಕಂದು ಉತ್ತಮ, ಕಲೆ ಕಾಣುವುದಿಲ್ಲ’ ಎಂದು ವರದಿ ಬರೆದು, ಮುಂಬೈಯಲ್ಲಿ ಹೋಟೆಲ್ ನಡೆಸುವ ಈ ಮನೆಯ ಯಜಮಾನರಿಗೆ ಮೊಬೈಲಿನಲ್ಲಿ ಕಳಿಸಿದೆ. ಕೆಳಗೆ ಹೆಸರು, ಹೆಸರಿನ ಪಕ್ಕ ಪದವಿ.

ಮೂರನೇ ದಿನ ಬೆಳಿಗ್ಗೆ ಛಾವಣಿಯ ನೀಲಿ ಚೌಕದಲ್ಲಿ ಕಿರುಬೆರಳುದ್ದದ ಒಂದು ಕಂದು ಗೆರೆ ಇತ್ತು. ಸ್ಕೇಲ್ ಇಟ್ಟು ಎಳೆದಷ್ಟು ನೇರ. ಮಂಚಕ್ಕೆ ಹೊದೆಸಿದ್ದ ಪ್ಲಾಸ್ಟಿಕ್ಕಿನ ಮೇಲೆ ಒಂದು ಚಿಟಿಕೆ ಮರಳು. ಮರಳನ್ನು ಅಂಗೈಯಿಂದ ಒರೆಸಿ ಹಾಕಿದೆ. ಗೆರೆಗೆ ಪೇಂಟರನ್ನು ಬೈದೆ. ಕಂದಿಗೆ ಅದ್ದಿದ ರೋಲರನ್ನು ತೊಳೆಯದೆ ನೀಲಿಗೆ ಅದ್ದಿದ್ದೀರಿ ಎಂದೆ.

ಅವರು ಏಣಿಯ ಮೇಲಿಂದ ಇಳಿಯದೆಯೇ ಹೇಳಿದರು. “ಮೇಡಂ, ಇದ್ ಬಣ್ಣದ್ ಬೇನೆ ಅಲ್ಲ. ಒಳ್ಗಿಂದ ಬತ್ತಾ ಇತ್ತ್.”

ಸಿಟ್ಟು ಬಂದರೆ ನನ್ನ ಬಾಯಿಂದ ಪುಸ್ತಕದ ಕನ್ನಡ ಹೊರಡುತ್ತದೆ. ನಾನು ಹೇಳಿದಷ್ಟು ಮಾಡಿದರೆ ಸಾಕು, ಕಾರಣ ಹುಡುಕಲು ನಾನಿದ್ದೇನೆ ಎಂದುಬಿಟ್ಟೆ. ಅವರು ತಲೆ ಆಡಿಸಿ ಉಜ್ಜುಕಾಗದ ತೆಗೆದುಕೊಂಡರು. ಉಜ್ಜಿಸಿ, ಕಲೆ ತಡೆಯುವ ಪ್ರೈಮರ್ ಕೊಡಿಸಿ, ನೀಲಿಯನ್ನು ಮತ್ತೆ ಎರಡು ಕೋಟ್ ಹೊಡೆಸಿದೆ.

ಐದನೇ ದಿನ ಗೆರೆ ಅದೇ ಜಾಗಕ್ಕೆ ಬಂದಿತ್ತು, ಈ ಸಲ ಗೇಣುದ್ದ. ಅದಕ್ಕೆ ಸಮಾನಾಂತರವಾಗಿ ಅರ್ಧ ಅಡಿ ದೂರದಲ್ಲಿ ಇನ್ನೊಂದು. ಪ್ಲಾಸ್ಟಿಕ್ಕಿನ ಮೇಲೆ ಮತ್ತೆ ಮರಳು, ಈ ಸಲ ಚಿಟಿಕೆಗಿಂತ ಹೆಚ್ಚು. ಬಲಗಡೆಯ ಕಂದು ಚೌಕದಲ್ಲಿ ಏನೂ ಇಲ್ಲ, ಶುದ್ಧ. ಅದನ್ನು ನೋಡಿ ಮನೆಯ ಅಮ್ಮ ನಕ್ಕರು. ನೀಲಿಗೆ ಹಣೆಬರಹವಿಲ್ಲ, ನಾ ಹೇಳಲಿಲ್ಲವಾ, ಕಂದೇ ಇರಲಿ ಎಂದರು. ಯಜಮಾನರಿಂದಲೂ ಅಂಗಡಿಗೆ ಫೋನ್ ಬಂದಿತ್ತು, ಕಂದು ಹೊಡೆದು ಬೇಗ ಮುಗಿಸಿ ಎಂದು. ಅವರು ಊರಲ್ಲಿ ಕಟ್ಟಿಸುತ್ತಿದ್ದ ಹೊಸ ಹೋಟೆಲಿನ ಬಣ್ಣದ ಕೆಲಸವೂ ನಮ್ಮ ಅಂಗಡಿಗೇ ಬರುವುದಿತ್ತು. ಅಂಗಡಿಯ ಧಣಿ ನನಗೆ, ಹೆಚ್ಚು ತಲೆ ಓಡಿಸುವುದು ಬೇಡ ಎಂದಿದ್ದರು.

ಅಮ್ಮ ಕೆಳಗೆ ಹೋದ ಮೇಲೆ ಪೇಂಟರ್ ಪ್ಲಾಸ್ಟಿಕ್ಕಿನ ಮೇಲಿನ ಮರಳನ್ನು ಬೆರಳಿಗೆ ಒತ್ತಿಕೊಂಡು ನಾಲಿಗೆಗೆ ಇಟ್ಟರು. ಬಾಯಿ ಚಪ್ಪರಿಸಿ, ಕಿಟಕಿಯಿಂದ ಹೊರಗೆ ಉಗಿದರು.

“ಈ ಮನೆ ಕಟ್ಟತಿಗೂ ನಾ ಇದ್ದಿದ್ದೆ. ಅವತ್ತೂ ಹೀಂಗೇ ನಾಲ್ಗಿಗ್ ಇಟ್ಟ್ ಕಂಡಿದ್ದೆ. ಉಪ್ಪ್. ಪೇಂಟರಿನ ಮಾತ್ ಯಾರ್ ಕೇಂತ್ರ್ ಅಂದ್ಹೇಳಿ ಸುಮ್ಮನಾದೆ.”

ಉಳಿದದ್ದನ್ನು ಅವರು ನಿಧಾನವಾಗಿ ಹೇಳಿದರು. ಆ ವರ್ಷ ಹೊಳೆಯಲ್ಲಿ ಮರಳು ತೆಗೆಯಲು ಬಿಡುತ್ತಿರಲಿಲ್ಲ. ಹೊಳೆ ಕಡಲಿಗೆ ಸೇರುವ ಅಳಿವೆ ಬಾಯಿಯಿಂದ ದೋಣಿಯಲ್ಲಿ ಮರಳು ತರಿಸಿದರು. ಅಂಥ ಮರಳನ್ನು ಬಯಲಲ್ಲಿ ರಾಶಿ ಹಾಕಿ ಒಂದು ಮಳೆಗಾಲ ನೆನೆಯಲು ಬಿಡಬೇಕು, ಉಪ್ಪು ಇಳಿದು ಹೋಗಲು. ಆದರೆ ಮನೆಯೊಕ್ಕಲಿನ, ಗೃಹಪ್ರವೇಶದ, ಮುಹೂರ್ತ ಹತ್ತಿರ ಇತ್ತು. ದೋಣಿಯಿಂದ ಇಳಿಸಿದ ಮರಳು ಹಾಗೆಯೇ ಸ್ಲ್ಯಾಬಿಗೆ ಹೋಯಿತು.

ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿ ತನ್ನ ಕೆಳಗಿನ ಕಾಂಕ್ರೀಟನ್ನು ದೂಡುತ್ತದೆ. ನನ್ನ ಎರಡನೇ ವರ್ಷದ ಪಾಠದಲ್ಲೇ ಇದು ಇತ್ತು. ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ಅಂಕ ತೆಗೆದುಕೊಂಡಿದ್ದೆ. ನೀಲಿಯ ಮೇಲೆ ಬಂದದ್ದು ಸ್ಲ್ಯಾಬಿನೊಳಗಿನ ಸರಳುಗಳ ಗೆರೆ. ಅರ್ಧ ಅಡಿಗೊಂದು ಸರಳು, ಅರ್ಧ ಅಡಿಗೊಂದು ಗೆರೆ.

ಆಗ ನಾನು ಏಣಿ ಹತ್ತಿದೆ. ಟಾರ್ಚನ್ನು ಛಾವಣಿಗೆ ಓರೆಯಾಗಿ ಹಿಡಿದು ಕಂದು ಚೌಕವನ್ನು ನೋಡಿದೆ. ನೇರ ಬೆಳಕಿನಲ್ಲಿ ಶುದ್ಧವಾಗಿದ್ದ ಕಂದಿನಲ್ಲೂ ಅದೇ ಗೆರೆಗಳು ಇದ್ದವು, ಬಣ್ಣಕ್ಕೆ ಬಣ್ಣ ಸೇರಿ ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೆ. ಕೊಂಡಿಯ ಸುತ್ತ ಊದಿಕೊಂಡಿತ್ತು, ಕೈಗೆ ಸಿಗುವಷ್ಟು. ಪುಟ್ಟಿ ಹಾಕುವ ಪಟ್ಟಿಯ ಹಿಡಿಯಿಂದ ಮೆಲ್ಲಗೆ ಬಡಿದೆ. ನೀರು ಬತ್ತಿದ ತೆಂಗಿನಕಾಯಿ ಬಡಿದ ಹಾಗೆ ಶಬ್ದ ಬಂತು.

‘ಕಲೆ ಕಾಣುವುದಿಲ್ಲ.’ ನಾನೇ ಬರೆದ ಮಾತು.

ಆ ಮಧ್ಯಾಹ್ನವೇ ಮನೆಯ ಅಮ್ಮನನ್ನು ಕೂರಿಸಿ ಎಲ್ಲ ಹೇಳಿದೆ. ಈ ಕೊಂಡಿಗೆ ತೊಟ್ಟಿಲು ಕಟ್ಟಬಾರದು, ಕೊಂಡಿಯ ಸುತ್ತ ಒಡೆದು ನೋಡಲೇಬೇಕು ಎಂದೆ. ಅವರು ಸಿಟ್ಟು ಮಾಡಲಿಲ್ಲ. ಅವರ ನಾದಿನಿ ಬಸುರಿ ಇದ್ದಾಗ, ಹಿರಿಯರು ಬೇಡವೆಂದರೂ ಕೇಳದೆ ಮನೆಯವರು ಹಿತ್ತಿಲಲ್ಲಿ ಬಂಡೆ ಒಡೆಸಿದರಂತೆ. ಕೂಸು ಉಳಿಯಲಿಲ್ಲವಂತೆ. ಅದನ್ನು ಹೇಳುವಾಗ ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದರು.

“ನೀ ಓದಿದ್ ಹೆಣ್, ನಿಂಗೆ ಇದೆಲ್ಲ ನಗೆ. ನಂಗೆ ಹಾಂಗಲ್ಲ ಮಗಾ.”

ನನಗೆ ನಗೆ ಬಂದಿರಲಿಲ್ಲ. ಬೇರೆ ಕೋಣೆ ಎಂದರೆ, ಬಾಳಂತಿ ಸ್ನಾನದ ಬಚ್ಚಲು ಇರುವುದು ಇದೊಂದಕ್ಕೇ ಎಂದರು. ಇಷ್ಟು ವರ್ಷ ನಿಂತ ಛಾವಣಿ ಮೂರು ತಿಂಗಳಲ್ಲಿ ಬೀಳುತ್ತದೆಯೇ ಎಂದರು. ಮೂರು ತಿಂಗಳಲ್ಲೋ, ಮೂವತ್ತು ವರ್ಷದಲ್ಲೋ, ಬಡಿದು ನೋಡಿ ಹೇಳಲು ಬರುವುದಿಲ್ಲ. ನಾಳೆಯೇ ಕಂದು ಶುರುಮಾಡಿ ಎಂದು ಅವರು ಎದ್ದರು.

ಜಗಲಿಯ ಮೆಟ್ಟಿಲ ಮೇಲೆ ಕೂತು ಯೋಚಿಸಿದೆ. ಒಡೆಯಲು ಬಿಡುವುದಿಲ್ಲ. ಕೆಲಸ ಬಿಟ್ಟು ಎದ್ದು ಹೋದರೆ ನಾಳೆ ಬೇರೆ ಯಾರೋ ಬಂದು ಕಂದು ಹೊಡೆಯುತ್ತಾರೆ, ಛಾವಣಿ ಚಂದ ಕಾಣುತ್ತದೆ, ತೊಟ್ಟಿಲು ತೂಗುತ್ತದೆ. ಆದರೆ ಬಣ್ಣ ಹೊಡೆಯಲು ಅಡ್ಡಿ ಇಲ್ಲ ಎಂದು ಅಮ್ಮನೇ ಹೇಳಿದ್ದರು. ಬರೀ ಪ್ರೈಮರ್ ಹೊಡೆದು ಅದರ ಮೇಲೆ ಕಲೆ ಬಂದರೆ, ಬಣ್ಣ ಬಿದ್ದರೆ ಮುಚ್ಚುತ್ತದೆ ಬಿಡಿ ಎನ್ನುತ್ತಾರೆ. ಮುಗಿದ ಬಣ್ಣದ ಮೇಲೆಯೇ ಬಂದರೆ ಆ ಮಾತು ಹೇಳಲು ಬರುವುದಿಲ್ಲ.

ಒಳಗೆ ಹೋಗಿ ಕೇಳಿದೆ: ಇಡೀ ಛಾವಣಿಗೆ ನೀಲಿ ಹೊಡೆಯುತ್ತೇನೆ, ಕಂದಲ್ಲ. ಐದು ದಿನ ಬಿಡಿ. ಏನೂ ಕಾಣದಿದ್ದರೆ ನನ್ನ ಕೈದುಡ್ಡಿನಿಂದಲೇ ಬಣ್ಣ ತಂದು ಅದರ ಮೇಲೆ ಕಂದು ಹೊಡೆಸಿಕೊಡುತ್ತೇನೆ.

ಅಮ್ಮ ಬೇಡ ಎನ್ನುವ ಹೊತ್ತಿಗೆ ಒಳಕೋಣೆಯಿಂದ ಮಗಳ ದನಿ ಬಂತು. “ನೀಲಿ ಹೊಡಿಲಿ ಅಮ್ಮ. ನಂಗ್ ಮೊದ್ಲಿಂದ ಅದೇ ಬೇಕಿದ್ದಿತ್. ಬಣ್ಣಕ್ಕೂ ನಿನ್ನ ಶಾಸ್ತ್ರ ಇತ್ತಾ?”

ಅಂಗಡಿಗೆ ನಾನು ತಿಳಿಸಲಿಲ್ಲ. ಪೇಂಟರ್ ಎರಡು ದಿನ ಛಾವಣಿಯ ಆಯಿಲ್ ಪೇಂಟನ್ನೆಲ್ಲ ಉಜ್ಜಿ ತೆಗೆದರು, ಪುಟ್ಟಿ ಎಳೆದರು, ಪ್ರೈಮರ್ ಕೊಟ್ಟರು. ಸುತ್ತಿಗೆ ಮುಟ್ಟಲಿಲ್ಲ. ಎರಡು ಕೋಟ್ ನೀಲಿ ಮುಗಿದಾಗ ಕೋಣೆಯೊಳಗೆ ನಡುಹಗಲೂ ಮೋಡ ಕವಿದ ಹಾಗಿತ್ತು. ಬಾಗಿಲಿಗೆ ಬೀಗ ಹಾಕಿ ಕೀಲಿ ಚೀಲಕ್ಕೆ ಹಾಕಿಕೊಂಡೆ.

ಹೊರಗೆ ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಎರಡು ದಿನ ಬ್ರಹ್ಮಾವರದ ಅಂಗಡಿಯಲ್ಲಿ ಕೂತು ಬೇರೆಯವರಿಗೆ ಶೇಡ್ ಕಾರ್ಡ್ ತೋರಿಸಿದೆ. ಒಬ್ಬರಿಗೆ ಹಸಿರು ಕೇಳಿದರೆ ನೀಲಿ ತೆಗೆದುಕೊಟ್ಟೆ. ಕಲೆ ಬರಲಿ ಎಂದು ಬೇಡಿಕೊಳ್ಳಬೇಕೋ, ಬಾರದಿರಲಿ ಎಂದೋ ತಿಳಿಯುತ್ತಿರಲಿಲ್ಲ.

ಮೂರನೇ ದಿನ ಮಧ್ಯಾಹ್ನ ತಡೆಯಲಾರದೆ ಯಡ್ತರೆಗೆ ಹೋದೆ. ಪೇಂಟರನ್ನು ಕೋಟದಲ್ಲಿ ಬಸ್ಸಿಗೆ ಹತ್ತಿಸಿಕೊಂಡೆ. ಮೇಲೆ ಹೋದರೆ ಕೋಣೆಯ ಬಾಗಿಲು ತೆರೆದಿತ್ತು. ಮನೆಯಲ್ಲಿ ಇನ್ನೊಂದು ಕೀಲಿ ಇತ್ತೆಂದು ಯಾರೂ ಹೇಳಿರಲಿಲ್ಲ. ಮಗಳು ಪ್ಲಾಸ್ಟಿಕ್ ಸರಿಸಿ ಮಂಚದ ಮೇಲೆ ಅಂಗಾತ ಮಲಗಿದ್ದಳು, ಎರಡೂ ಕೈ ಹೊಟ್ಟೆಯ ಮೇಲೆ. ಕಣ್ಣು ಛಾವಣಿಯ ಮೇಲಿತ್ತು.

“ಕಾಣಿ ಮೇಡಂ. ನಿನ್ನೆ ಏಳ್ ಗೆರೆ ಇದ್ದಿತ್. ಇವತ್ತ್ ಹನ್ನೆರಡ್.”

ಮೇಲೆ ನೋಡಿದೆ. ಉದ್ದಕ್ಕೂ ಅಡ್ಡಕ್ಕೂ ಕಂದು ಗೆರೆಗಳು, ಮೀನಿಗೆ ಬೀಸಿದ ಬಲೆ ಹರಡಿದ ಹಾಗೆ. ಬಲೆಯ ನಡುವೆ ಕೊಂಡಿ. ಕೊಂಡಿಯ ಸುತ್ತ ಒಂದು ಪೂರ್ತಿ ವೃತ್ತ, ಅದರ ಅಂಚು ಕೂದಲೆಳೆಯಷ್ಟು ಬಾಯಿ ಬಿಟ್ಟಿತ್ತು.

ಕೂಗಲು ಧೈರ್ಯ ಬರಲಿಲ್ಲ. ಫ್ಯಾನಿನ ಸ್ವಿಚ್ ಮುಟ್ಟಲೂ ಇಲ್ಲ. ಅಡಿ ಎತ್ತಿಡಲೂ ಹೆದರಿಕೆ. ಮೆಲ್ಲಗೆ ಅವಳ ಕೈ ಹಿಡಿದು ಎಬ್ಬಿಸಿ, ಗೋಡೆಯ ಬದಿಯಿಂದಲೇ ಬಾಗಿಲಿಗೆ ಕರೆತಂದೆ. ಇಲ್ಲಿ ತಂಪಿತ್ತು, ಅದಕ್ಕೆ ಬಂದು ಮಲಗುತ್ತಿದ್ದೆ ಎಂದಳು. ಮೂರೂ ಮಧ್ಯಾಹ್ನ.

ಪೇಂಟರ್ ಅಮ್ಮನನ್ನು ಕರೆತಂದರು. ಅವರು ಹೊಸ್ತಿಲಲ್ಲಿ ನಿಂತು ಬಹಳ ಹೊತ್ತು ಮೇಲೆ ನೋಡಿದರು. ಆಮೇಲೆ ಮಗಳ ಕಡೆ ತಿರುಗಿ, ಅವಳ ಬೈತಲೆಯಲ್ಲಿ ಸಿಕ್ಕಿದ್ದ ಮರಳಿನ ಕಾಳುಗಳನ್ನು ಒಂದೊಂದೇ ಹೆಕ್ಕಿದರು. ಹೆಕ್ಕಿ ಮುಗಿದ ಮೇಲೆ ಕೋಟದಲ್ಲಿರುವ ತಂಗಿಗೆ ಫೋನ್ ಮಾಡಿ, ಹೆಣ್ಣನ್ನು ಕರೆದುಕೊಂಡು ಬರುತ್ತೇನೆ, ಹೆರಿಗೆಯೂ ಬಾಳಂತನವೂ ಅಲ್ಲೇ ಎಂದರು.

ಒಂದು ಗಂಟೆಯಲ್ಲಿ ಕಾರು ಬಂತು. ಹತ್ತುವ ಮುಂಚೆ ಅಮ್ಮ ನನ್ನ ಹತ್ತಿರ ಬಂದರು. “ನಮ್ಮ ಕಾರ್ ಸಂಕ ದಾಟ್ಲಿ. ಮತ್ತೆ ಮುಟ್ಟಿ.”

ಊರ ಹೊರಗಿನ ಹೊಳೆಯ ಸಂಕ ದಾಟಿದ ಮೇಲೆ ಫೋನ್ ಬಂತು, ದಾಟಿದೆವು ಎಂದು. ಆಗಲೂ ನಾವು ಸುತ್ತಿಗೆ ಎತ್ತಲಿಲ್ಲ. ಕೊಂಡಿ ಎಷ್ಟು ಭಾರ ಹಿಡಿಯುತ್ತದೆ ಎಂದು ನನಗೆ ತಿಳಿಯಬೇಕಿತ್ತು. ಪೇಂಟರ್ ಉದ್ದದ ಕೋಲಿನ ತುದಿಯಿಂದ ಕೊಂಡಿಗೆ ಹಗ್ಗ ಸಿಕ್ಕಿಸಿ, ಇಪ್ಪತ್ತು ಕಿಲೋದ ಪುಟ್ಟಿ ಚೀಲ ತೂಗುಹಾಕಿದರು. ಕೂಸು, ತೊಟ್ಟಿಲು, ಹಾಸಿಗೆ, ಮಗುವನ್ನು ಬಗ್ಗಿ ನೋಡುವವರ ಕೈಭಾರ ಎಲ್ಲ ಸೇರಿದರೆ ಹೆಚ್ಚು ಕಡಿಮೆ ಅಷ್ಟೇ. ಚೀಲಕ್ಕೆ ಇನ್ನೊಂದು ಹಗ್ಗ ಕಟ್ಟಿ, ಬಾಗಿಲ ಹೊರಗೆ ನಿಂತು, ತೊಟ್ಟಿಲು ತೂಗುವ ಹಾಗೆ ತೂಗಿದೆವು. ಒಂದು, ಎರಡು, ಮೂರು. ಏನೂ ಆಗಲಿಲ್ಲ. ಆರು, ಏಳು. ಪೇಂಟರ್ ನನ್ನ ಮುಖ ನೋಡಿದರು. ನಾನು ತಪ್ಪಿದೆನೇ ಎಂದು ಒಂದು ಕ್ಷಣ ಅನ್ನಿಸಿತು, ತಪ್ಪಿದ್ದರೆ ಚೆನ್ನಾಗಿತ್ತು ಎಂದೂ ಅನ್ನಿಸಿತು. ಹನ್ನೊಂದನೇ ಸಲ ಹಗ್ಗ ನನ್ನ ಕೈಯಲ್ಲಿ ಸಡಿಲವಾಯಿತು.

ಶಬ್ದ ಆಮೇಲೆ ಬಂತು. ಧೂಳು ಇಳಿದ ಮೇಲೆ ನೋಡಿದರೆ ಅಕ್ಕಿ ಗೇರುವ ಗೆರಸಿಯಷ್ಟು ಅಗಲದ ಕಾಂಕ್ರೀಟ್ ಕೊಂಡಿ ಸಮೇತ ಕೆಳಗಿತ್ತು. ಮಂಚದ ಹಲಗೆ ಎರಡು ತುಂಡು. ಮೇಲೆ ಕಾಣುತ್ತಿದ್ದ ಸರಳು ಪೆನ್ಸಿಲಿನಷ್ಟು ತೆಳ್ಳಗಾಗಿ, ನೀರುಳ್ಳಿಯ ಹಾಗೆ ಪದರ ಪದರ ಎದ್ದಿತ್ತು.

ಅಮ್ಮನಿಗೆ ಫೋನ್ ಮಾಡಿ ತಿಳಿಸಿದೆ. ಅವರು ಒಂದೇ ಪ್ರಶ್ನೆ ಕೇಳಿದರು, ಎಷ್ಟು ಸಲ ತೂಗಿದಿರಿ ಎಂದು. ಹನ್ನೊಂದು ಎಂದೆ. ಕಾರು ಬದಿಗೆ ನಿಲ್ಲಿಸಲು ಅವರು ಹೇಳಿದ್ದು ಕೇಳಿತು. ಕಾರಿನ ಸದ್ದು ನಿಂತಿತು.

ಸಂಜೆಯ ಬಸ್ಸಿನಲ್ಲಿ ಪೇಂಟರ್ ನನ್ನ ಹಿಂದಿನ ಸೀಟಿನಲ್ಲಿ ಕೂತಿದ್ದರು. ಇಬ್ಬರ ತಲೆಯಲ್ಲೂ ಧೂಳು. ರೋಲರಿನ ವಿಷಯದಲ್ಲಿ ನಾನು ಆಡಿದ ಮಾತು ತಪ್ಪು ಎಂದು ಅವರಿಗೆ ಹೇಳಿದೆ. ಅವರು ಕೈ ಬೀಸಿದರು. ಆಮೇಲೆ ಮುಂದಕ್ಕೆ ಬಗ್ಗಿ, ಈ ಸಲ ಮೇಡಂ ಎನ್ನದೆ ಹೇಳಿದರು.

“ಮಗಾ, ಆ ದೋಣಿ ಮರಳ್ ಒಂದೇ ಮನೆಗ್ ಮುಗ್ದಿದ್ದಲ್ಲ. ಬದಿ ಮನೆ ಸ್ಲ್ಯಾಬೂ ಅದೇ ವಾರ ಹಾಕಿದ್ದ್.”

ಬದಿಯ ಮನೆ. ಛಾವಣಿ ಸಮೇತ ಕಡುಕಂದು. ವರ್ಷದಿಂದ ಒಂದು ಕಲೆಯೂ ಕಾಣದ ಕಡುಕಂದು. ನಡುವೆ ನಾನೇ ಜಾಗ ಗುರುತು ಹಾಕಿ ತೂಗಿಸಿದ ಉಯ್ಯಾಲೆ.

ಚೀಲದಿಂದ ಮೊಬೈಲ್ ತೆಗೆದು ಆ ಮನೆಗೆ ಕರೆ ಮಾಡಿದೆ. ನಾಲ್ಕನೇ ರಿಂಗಿಗೆ ಆ ಮನೆಯ ಅಮ್ಮ ಎತ್ತಿದರು. ನನ್ನ ದನಿ ಗುರುತು ಹಿಡಿದು ಖುಷಿಪಟ್ಟರು. ಮನೆಗೆ ಬಂದವರೆಲ್ಲ ಹಾಲಿನ ಬಣ್ಣ ಹೊಗಳುತ್ತಾರೆ, ನಿನ್ನ ನಂಬರ್ ಕೇಳುತ್ತಾರೆ ಎಂದು ಹೇಳುತ್ತ ಹೋದರು. ಅವರ ಮಾತಿನ ಹಿಂದೆ ಸರಪಳಿಯ ಕಿರ್ ಶಬ್ದ ಕೇಳುತ್ತಿತ್ತು, ಒಮ್ಮೆ ಆ ಕಡೆ, ಒಮ್ಮೆ ಈ ಕಡೆ.

“ಅಮ್ಮ,” ಎಂದೆ, “ಮಾತ್ ಮತ್ತೆ ಆಡುವ. ಕಾಲ್ ನೆಲಕ್ ಊರಿ ಉಯ್ಯಾಲೆ ನಿಲ್ಸಿ. ನಿಧಾನ.”